ಹಾಲ್‌ನಲ್ಲಿ ಸೌದೆ ಫೈರ್‌ಪ್ಲೇಸ್: ಗ್ರಾನೈಟ್ ಆಮೇಲೆ ನೋಡೋಣ, ಮೊದ್ಲು ಹೊಗೆ ಎಲ್ಲಿಂದ ಹೋಗುತ್ತೆ ಹೇಳಿ

ಪ್ರಶ್ನೆ: ನಮಸ್ಕಾರ ಸರ್. ಸೋಮವಾರಪೇಟೆ ಹತ್ರ ನಮ್ಮೂರಲ್ಲಿ ಮನೆ ಕಟ್ಟಿಸ್ತಾ ಇದೀವಿ. ಒಂದೇ ಅಂತಸ್ತು, ಗೋಡೆ ಎದ್ದಿದೆ, ಮೇಲೆ ಮರದ ಪಕ್ಕಾಸು, ರೀಪು ಹಾಕಿ ಮಂಗಳೂರು ಹಂಚು, ಒಳಗಡೆ ಮರದ ಸೀಲಿಂಗ್. ಹಾಲ್‌ನಲ್ಲಿ ಸೌದೆ ಉರಿಸೋ ಫೈರ್‌ಪ್ಲೇಸ್ ಬೇಕು ಅಂತ ನನಗೆ ತುಂಬಾ ದಿನದ ಆಸೆ. ಮೇಸ್ತ್ರಿ 36 ಇಂಚು ಅಗಲ, 30 ಇಂಚು ಎತ್ತರದ ಬಾಯಿ ಬಿಟ್ಟು ಮಾಮೂಲಿ ಇಟ್ಟಿಗೆ ಸಿಮೆಂಟಲ್ಲೇ ಕಟ್ಟಿ ಒಳಗೂ ಹೊರಗೂ ಗ್ರಾನೈಟ್ ಹೊಡೀತೀನಿ ಅಂತಾರೆ. ಹೊಗೆಗೆ 6 ಇಂಚಿನ ಎಸಿ ಪೈಪ್ (ಆಸ್ಬೆಸ್ಟಾಸ್ ಸಿಮೆಂಟ್‌ದು) ಪಕ್ಕದ ಗೋಡೆಯಿಂದ ಹೊರಗೆ ಬಿಟ್ರೆ ಸಾಕು, ಹಂಚು ತೆಗೆದು ಮೇಲೆ ಒಯ್ದರೆ ಸೋರುತ್ತೆ ಅನ್ನೋದು ಅವರ ವಾದ. ನಮ್ಮನೆಯವಳಿಗೆ ಹೊಗೆ ಭಯ, ಅಮ್ಮನಿಗೆ ಉಬ್ಬಸ ಬೇರೆ. ಅಜ್ಜನ ಮನೇಲಿ ಚಿಮ್ನಿನೇ ಇರಲಿಲ್ಲ ಯಾರಿಗೇನಾಯ್ತು, ಕಿಟಕಿ ಒಂಚೂರು ತೆಗೆದಿಟ್ರೆ ಮುಗೀತು ಅಂತ ಚಿಕ್ಕಪ್ಪ ಹೇಳ್ತಾರೆ. ಮೇಲ್ಗಡೆ ಟಿವಿ ಹಾಕೋ ಪ್ಲಾನೂ ಇದೆ. ಏನು ಮಾಡಲಿ?

ಉತ್ತರ: ನಮಸ್ಕಾರ. ಕೊಡಗು, ಚಿಕ್ಕಮಗಳೂರು ಕಡೆ ಮನೆ ಕಟ್ಟಿಸೋದು, ಬೇರೆಯವರು ಕಟ್ಟಿಸಿದ್ದನ್ನ ರಿಪೇರಿ ಮಾಡೋದು ಎರಡೂ ನನ್ನ ಕೆಲಸ, ಹೊಗೆ ಬರುತ್ತೆ ಅಂತ ಕರೆಸಿಕೊಂಡವರ ಮನೆಯಲ್ಲಿ ಹೆಚ್ಚುಕಮ್ಮಿ ನೀವು ಬರೆದ ಕಥೆಯೇ ಇರುತ್ತೆ. ನಿಮ್ಮ ಭಯ ಏನು ಅಂದ್ರೆ ಹೊಗೆ ಒಳಗೆ ಬರುತ್ತಾ, ಮರದ ಮಾಡಿಗೆ ಬೆಂಕಿ ಹಿಡಿಯುತ್ತಾ, ಅಮ್ಮನಿಗೆ ತೊಂದರೆ ಆಗುತ್ತಾ ಅಂತ ತಾನೇ. ಮೇಸ್ತ್ರಿ ಹೇಳಿದ ಹಾಗೇ ಕಟ್ಟಿದ್ರೆ ಮೂರೂ ಆಗುತ್ತೆ. ಬೇರೆ ರೀತಿ ಕಟ್ಟಿದ್ರೆ ಮೊದಲ ಎರಡನ್ನ ತಪ್ಪಿಸಬಹುದು, ಮೂರನೇದನ್ನ ಬಹಳಷ್ಟು ಕಮ್ಮಿ ಮಾಡಬಹುದು.

ಮೊದ್ಲು ಚಿಕ್ಕಪ್ಪನ ಮಾತು ತಗೊಳ್ಳೋಣ, ಯಾಕಂದ್ರೆ ಅದರಲ್ಲಿ ಅರ್ಧ ನಿಜ ಇದೆ. ಅಜ್ಜನ ಕಾಲದ ಅಡುಗೆಮನೆ ಬಚ್ಚಲುಮನೆಗೆ ಚಿಮ್ನಿ ಇರಲಿಲ್ಲ ನಿಜ, ಆದ್ರೆ ಆ ಮನೆಗೆ ಸೀಲಿಂಗೂ ಇರಲಿಲ್ಲ, ಗೋಡೆಗೂ ಮಾಡಿಗೂ ಮಧ್ಯೆ ಕೈ ತೂರೋಷ್ಟು ಸಂದು ಇರ್ತಿತ್ತು, ಹಂಚಿನ ಎಡೆಯಿಂದ ಹೊಗೆ ಹೊರಗೆ ಹೋಗ್ತಿತ್ತು, ಮೇಲೆಲ್ಲಾ ಇಲ್ಲಣ ಜೋತಾಡ್ತಿತ್ತು. ಆದ್ರೂ ಯಾರಿಗೂ ಏನೂ ಆಗಲಿಲ್ಲ ಅನ್ನೋದು ಸುಳ್ಳು, ಒಲೆ ಮುಂದೆ ಕೂತು ಊದಿ ಊದಿ ಕಣ್ಣು ಎದೆ ಹಾಳು ಮಾಡಿಕೊಂಡವರು ಅಜ್ಜಿಯರು, ಅಜ್ಜಂದಿರು ಜಗಲಿ ಮೇಲೆ ಕೂತಿದ್ರು ಅಷ್ಟೇ. ನಿಮ್ಮ ಹೊಸ ಮನೆಗೆ ಮರದ ಸೀಲಿಂಗ್, ಬಿಗಿಯಾಗಿ ಮುಚ್ಚೋ ಕಿಟಕಿ. ಅದರೊಳಗೆ ಸಿಕ್ಕಿದ ಹೊಗೆ ಅಲ್ಲೇ ಉಳಿಯುತ್ತೆ.

ಇನ್ನು ಪೈಪ್ ವಿಷಯ. ಬೆಂಕಿ ಹೊತ್ತಿದಾಗ ಬಿಸಿ ಗಾಳಿ ಹಗುರ ಆಗಿ ಮೇಲೇಳುತ್ತೆ, ಎತ್ತರದ ಚಿಮ್ನಿ ತುಂಬ ಬಿಸಿ ಗಾಳಿ ನಿಂತಾಗ ಅದು ಕೆಳಗಿಂದ ಹಾಲ್‌ನ ಗಾಳಿಯನ್ನ ಎಳ್ಕೊಳ್ಳುತ್ತೆ, ಹೊಗೆ ಆ ಎಳೆತದ ಜೊತೆ ಹೋಗುತ್ತೆ. ಎಳೆತಕ್ಕೆ ಎತ್ತರ ಬೇಕು. ಗೋಡೆಯಿಂದ ಅಡ್ಡಕ್ಕೆ ಬಿಟ್ಟ ಪೈಪಿಗೆ ಎತ್ತರವೇ ಇಲ್ಲ, ಅದರ ಮೇಲೆ ಜೂನ್ ಜುಲೈನಲ್ಲಿ ನಿಮ್ಮ ಕಡೆ ಬೀಸೋ ಪಡುವಣ ಗಾಳಿ ಪೈಪ್ ಬಾಯಿಗೇ ಹೊಡೀತು ಅಂದ್ರೆ ಹೊಗೆಯನ್ನ ವಾಪಸ್ ಹಾಲ್‌ಗೇ ತಳ್ಳುತ್ತೆ. ನಿಮಗೆ ಬೆಂಕಿ ಬೇಕಾಗೋದೇ ಅಂಥ ದಿನ.

ಅಳತೆನೂ ಹೊಂದಲ್ಲ. ತೆರೆದ ಫೈರ್‌ಪ್ಲೇಸ್‌ಗೆ ಹೊಗೆ ದಾರಿಯ ವಿಸ್ತೀರ್ಣ ಬಾಯಿಯ ವಿಸ್ತೀರ್ಣದ ಹತ್ತನೇ ಒಂದು ಭಾಗ ಆದ್ರೂ ಇರಬೇಕು, ದುಂಡಗಿದ್ರೆ ಹನ್ನೆರಡನೇ ಒಂದು ಭಾಗಕ್ಕೆ ಬಂದ್ರೂ ನಡೆಯುತ್ತೆ. 36 ಗುಣಿಸು 30 ಅಂದ್ರೆ 1080 ಚದರ ಇಂಚು, ಅದಕ್ಕೆ 108 ಚದರ ಇಂಚಿನ ದಾರಿ ಬೇಕು. 6 ಇಂಚಿನ ಪೈಪ್ ಕೊಡೋದು ಬರೀ 28. ಹಾಗಾಗಿ ಮುಕ್ಕಾಲು ಪಾಲು ಹೊಗೆಗೆ ನಿಮ್ಮ ಹಾಲೇ ಚಿಮ್ನಿ. ನಾನಾದ್ರೆ ಬಾಯಿನೇ ಚಿಕ್ಕದು ಮಾಡ್ತೀನಿ, 30 ಅಗಲ 26 ಎತ್ತರ, ಆಗ 780 ಚದರ ಇಂಚು, ಒಳಗೆ 9 ಇಂಚು ಚೌಕದ ದಾರಿ ಸರಿ ಹೋಗುತ್ತೆ. ಚಿಮ್ನಿ 15 ಅಡಿಗಿಂತ ಗಿಡ್ಡ ಆಗೋದಾದ್ರೆ ಇನ್ನೂ ಒಂದಿಂಚು ಜಾಸ್ತಿ ಬಿಡಿ. ನಿಮ್ಮ ಹಾಲ್‌ಗೆ ಅಷ್ಟು ದೊಡ್ಡ ಬಾಯಿ ಬೇಕಾಗಿಯೂ ಇಲ್ಲ, ಹೋಮ್‌ಸ್ಟೇ ಫೋಟೋ ನೋಡಿ ಜನ ದೊಡ್ಡದು ಕೇಳ್ತಾರೆ, ಆ ಫೋಟೋ ತೆಗೆದ ದಿನ ಬಿಟ್ರೆ ಅವು ಎಷ್ಟು ಸಲ ಉರಿದಿರುತ್ತೋ ಅಂತ ನನಗೆ ಯಾವಾಗ್ಲೂ ಅನುಮಾನ.

ಎಸಿ ಪೈಪ್ ಅಂತೂ ಬೇಡವೇ ಬೇಡ. ಅದು ನೀರು ಹೋಗೋಕೆ ಮಾಡಿದ್ದು, ಜೋರು ಬಿಸಿಗೆ ಪಟ್ ಅಂತ ಸಿಡಿಯುತ್ತೆ, ಸಿಡಿದಾಗ ಆಸ್ಬೆಸ್ಟಾಸ್ ಎಳೆ ಗಾಳಿಗೆ ಸೇರುತ್ತೆ. ಕೆಲವರು ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ್ದು) ಹಾಕ್ತಾರೆ, ಅದರ ಮೇಲಿನ ಸತು 420 ಡಿಗ್ರಿ ಸುಮಾರಿಗೆ ಕರಗುತ್ತೆ, ಅದರ ಹೊಗೆ ಉಸಿರಿಗೆ ಒಳ್ಳೇದಲ್ಲ. ಲೋಹದ ಪೈಪೇ ಬೇಕು ಅಂದ್ರೆ ಸ್ಟೇನ್‌ಲೆಸ್ ಸ್ಟೀಲ್, ಅದರಲ್ಲೂ ಎರಡು ಪದರದ ಮಧ್ಯೆ ಉಣ್ಣೆಯಂಥ ಇನ್ಸುಲೇಶನ್ ತುಂಬಿ ಬರುತ್ತಲ್ಲ ಅದು.

ಹಂಚು ತೂತು ಮಾಡಿದ್ರೆ ಸೋರುತ್ತೆ ಅನ್ನೋ ಮೇಸ್ತ್ರಿ ಭಯ ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ. ಕೊಡಗಿನ ಮಳೆಗೆ ಚಿಮ್ನಿ ಬುಡವೇ ಮೊದಲು ಸೋರೋ ಜಾಗ. ಆದ್ರೆ ಅದಕ್ಕೆ ದಾರಿ ಇದೆ. ಚಿಮ್ನಿಯನ್ನ ಆದಷ್ಟು ಮಾಡಿನ ನೆತ್ತಿ ಹತ್ರ ಹೊರಗೆ ತೆಗೀರಿ, ಸೂರಿನ ಹತ್ರ ಬೇಡ. ನೆತ್ತಿ ಹತ್ರ ಆದ್ರೆ ಮೇಲಿಂದ ಹರಿದು ಬಂದು ಚಿಮ್ನಿ ಬೆನ್ನಿಗೆ ಬಡಿಯೋ ನೀರು ಕಮ್ಮಿ, ಜೊತೆಗೆ ಚಿಮ್ನಿ ತುಂಬಾ ಎತ್ತರ ಎಬ್ಬಿಸಬೇಕಾಗಲ್ಲ. ಲೆಕ್ಕ ಏನಂದ್ರೆ, ಮಾಡಿನಿಂದ ಹೊರಗೆ ಬಂದ ಜಾಗದಿಂದ ಕನಿಷ್ಠ 3 ಅಡಿ, ಮತ್ತೆ ಸುತ್ತ 10 ಅಡಿ ದೂರದೊಳಗೆ ಮಾಡಿನ ಯಾವ ಭಾಗ ಇದ್ರೂ ಅದಕ್ಕಿಂತ 2 ಅಡಿ ಮೇಲೆ. ಸೂರಿನ ಹತ್ರ ತೆಗೆದ್ರೆ ಈ ಲೆಕ್ಕಕ್ಕೇ ಚಿಮ್ನಿ ಉದ್ದುದ್ದ ನಿಲ್ಲಿಸಬೇಕಾಗುತ್ತೆ, ಗಾಳಿಗೆ ಅದೊಂದು ತಲೆನೋವು. ಬುಡಕ್ಕೆ ಸುತ್ತ ಅಲ್ಯೂಮಿನಿಯಂ ತಗಡು ಮಡಚಿ ಒಂದು ಅಂಚು ಹಂಚಿನ ಕೆಳಗೆ, ಇನ್ನೊಂದು ಅಂಚು ಇಟ್ಟಿಗೆ ಸಂದಿಯೊಳಗೆ ಸೇರಿಸಬೇಕು, ಬರೀ ಸಿಮೆಂಟ್ ಮೆತ್ತಿ ಬಿಟ್ರೆ ಮೊದಲನೇ ಬೇಸಿಗೆಗೇ ಬಿರುಕು ಬಿಡುತ್ತೆ. ನೀರು ಬಂದು ಬಡಿಯೋ ಮೇಲಿನ ಬದಿಗೆ ಆ ಕಡೆ ಈ ಕಡೆ ಇಳಿಜಾರಾಗಿ ತಗಡಿನ ಸಣ್ಣ ಮಾಡು ಮಾಡಿಸಿ. ತುದಿಗೆ ಹೊರಚಾಚಿದ ಕಾಂಕ್ರೀಟ್ ಹಲಗೆ, ಹಲಗೆ ಅಡಿಯಲ್ಲಿ ನೀರು ಒಳಗೆ ಜಾರದ ಹಾಗೆ ಒಂದು ಗೀರು, ನಾಲ್ಕೂ ಕಡೆ ಹಕ್ಕಿ ಒಳಗೆ ಬರದ ಹಾಗೆ ಸ್ಟೀಲ್ ಜಾಲರಿ. ಇಷ್ಟು ಮಾಡಿದ್ರೆ ಸೋರಲ್ಲ.

ಈಗ ನಿಜವಾಗ್ಲೂ ಅಪಾಯದ ಜಾಗಕ್ಕೆ ಬರೋಣ, ಅಂದ್ರೆ ಚಿಮ್ನಿ ನಿಮ್ಮ ಮರದ ಸೀಲಿಂಗ್ ಮತ್ತೆ ಪಕ್ಕಾಸು ದಾಟೋ ಜಾಗ. ಮಡಿಕೇರಿ ಕಡೆಯ ಒಂದು ಮನೇಲಿ ಸೀಲಿಂಗ್‌ಗೆ ಕಂದು ಕಲೆ ಬಂದಿದೆ, ಸೋರ್ತಾ ಇದೆ ಅಂತ ಕರೆದಿದ್ರು. ಹಲಗೆ ಬಿಚ್ಚಿಸಿ ನೋಡಿದ್ರೆ ನೀರಿನ ಗುರುತೇ ಇಲ್ಲ, ಪೈಪಿಗೆ ತಾಗಿಕೊಂಡಿದ್ದ ಪಕ್ಕಾಸು ಒಂದು ಗೇಣು ಉದ್ದ ಇದ್ದಿಲಾಗಿದೆ, ಉಗುರಲ್ಲಿ ಕೆರೆದ್ರೆ ಪುಡಿಪುಡಿ ಉದುರ್ತಿತ್ತು. ಆ ಮನೇಲಿ ಯಾವತ್ತೂ ಬೆಂಕಿ ಬಿದ್ದಿರಲಿಲ್ಲ. ಮರ ವರ್ಷಾನುಗಟ್ಟಲೆ ಬಿಸಿ ತಿಂದ್ರೆ ಒಳಗಿಂದಾನೇ ಬದಲಾಗುತ್ತೆ, ಹೊಸ ಮರ ಹೊತ್ತಿಕೊಳ್ಳೋಕೆ ಬೇಕಾದಷ್ಟು ಬಿಸಿ ಅದಕ್ಕೆ ಬೇಕಾಗಲ್ಲ, ಒಂದು ದಿನ ಮಾಮೂಲಿ ಬೆಂಕಿಗೇ ಹತ್ತಿಕೊಳ್ಳುತ್ತೆ. ಐದು ವರ್ಷದಿಂದ ಉರಿಸ್ತಿದೀವಿ ಏನೂ ಆಗಿಲ್ಲ ಅನ್ನೋ ಧೈರ್ಯ ಇಲ್ಲಿ ನಡೆಯಲ್ಲ, ವರ್ಷ ಹೋದಷ್ಟೂ ಅಪಾಯ ಜಾಸ್ತಿ.

ಹಾಗಾಗಿ ಇಟ್ಟಿಗೆ ಚಿಮ್ನಿ ಆದ್ರೆ ಅದರ ಹೊರಮೈಗೂ ಯಾವುದೇ ಮರಕ್ಕೂ ಕನಿಷ್ಠ 2 ಇಂಚು ಖಾಲಿ ಜಾಗ, ಫೈರ್‌ಪ್ಲೇಸ್ ಬೆನ್ನಿಗೆ ಮರ ಬರೋದಾದ್ರೆ 4 ಇಂಚು. ಅಮೆರಿಕದ ಮನೆ ಕಟ್ಟೋ ನಿಯಮದಲ್ಲಿ ಇರೋ ಅಳತೆ ಇದು, ಅಲ್ಲಿ ಮರದ ಮನೆಗಳೇ ಜಾಸ್ತಿ ಆದ್ದರಿಂದ ನಾನು ಇದನ್ನೇ ಹಿಡ್ಕೋತೀನಿ. ರೆಡಿಮೇಡ್ ಎರಡು ಪದರದ ಪೈಪ್ ಆದ್ರೆ ಕಂಪನಿಯವರು ಎಷ್ಟು ಹೇಳಿದಾರೋ ಅಷ್ಟು. ಆ ಸಂದಿಗೆ ಥರ್ಮಾಕೋಲ್, ಫೋಮ್ ತುಂಬಬೇಡಿ, ಸೀಲಿಂಗ್ ಮಟ್ಟದಲ್ಲಿ ಕೆಳಗಿಂದ ತಗಡು ಮುಚ್ಚಿ ಸಾಕು. ಪಕ್ಕಾಸನ್ನ ಚಿಮ್ನಿ ಗೋಡೆಯೊಳಗೆ ತೂರಿಸಿ ಕೂರಿಸೋದು ನಮ್ಮ ಬಡಗಿಗಳ ಅಭ್ಯಾಸ, ಅದನ್ನ ನಿಂತು ತಡೀರಿ, ಚಿಮ್ನಿ ಸುತ್ತ ಬೇರೆ ಅಡ್ಡಮರ ಕೊಟ್ಟು ಪಕ್ಕಾಸನ್ನ ಅದರ ಮೇಲೆ ನಿಲ್ಲಿಸಲಿ.

ಒಳಗಡೆ ಗ್ರಾನೈಟ್ ಅಂದ್ರಲ್ಲ, ಅದು ಆಗಲ್ಲ. ಗ್ರಾನೈಟಲ್ಲಿ ಬೆಣಚು ಇರುತ್ತೆ, 573 ಡಿಗ್ರಿಗೆ ಬೆಣಚಿನ ಹರಳು ರಚನೆನೇ ಬದಲಾಗಿ ಉಬ್ಬುತ್ತೆ, ಕಲ್ಲು ಚಕ್ಕೆ ಚಕ್ಕೆಯಾಗಿ ಎಗರುತ್ತೆ. ಕಡಪ ಕಲ್ಲೂ ಬೇಡ, ಪದರ ಪದರ ಏಳುತ್ತೆ. ಮಾಮೂಲಿ ಸಿಮೆಂಟ್ ಗಾರೆ 400 ಡಿಗ್ರಿ ದಾಟಿದ ಮೇಲೆ ಸತ್ವ ಕಳ್ಕೊಂಡು, ಮಳೆಗಾಲದ ತೇವ ಹೀರಿ ಮತ್ತೆ ಉಬ್ಬಿ ಪುಡಿಯಾಗುತ್ತೆ. ಬೆಂಕಿ ಉರಿಯೋ ಗೂಡಿಗೆ ಜೋರು ಬಿಸಿ ತಡೆಯೋ ಫೈರ್‌ಬ್ರಿಕ್ಕೇ ಬೇಕು, ಅಂಗಡೀಲಿ ಭಾರತೀಯ ಮಾನಕದ (ಐಎಸ್) ನಂಬರು ಹೇಳಿ, ಐಎಸ್ 8 ಅಥವಾ ಕಮ್ಮಿ ಅಂದ್ರೆ ಐಎಸ್ 6 ಅಂತ ಕೇಳಿ ತಗೊಳ್ಳಿ, ಜೊತೆಗೆ ಅದಕ್ಕೇ ಅಂತ ಬರೋ ಫೈರ್‌ಕ್ಲೇ ಗಾರೆ, ಸಂದು 3 ಮಿಲಿಮೀಟರ್‌ಗಿಂತ ಜಾಸ್ತಿ ಬೇಡ. ಈ ಒಳಗೂಡಿಗೂ ಹೊರಗಿನ ಮಾಮೂಲಿ ಇಟ್ಟಿಗೆ ಗೋಡೆಗೂ ಮಧ್ಯೆ ಒಂದಿಂಚು ಬಿಟ್ಟು ಸೆರಾಮಿಕ್ ಉಣ್ಣೆ ಹಾಕ್ಸಿ. ಒಳಗೂಡು ಬಿಸಿಗೆ ಹಿಗ್ಗುತ್ತೆ, ಅದಕ್ಕೆ ಜಾಗ ಇಲ್ಲದಿದ್ರೆ ಹೊರಗಿನ ನಿಮ್ಮ ಚಂದದ ಕಲ್ಲನ್ನ ತಳ್ಳಿ ಸೀಳುತ್ತೆ. ಬಾಯಿ ಮೇಲಿನ ಕಬ್ಬಿಣದ ಆಂಗಲ್ ತುದಿಗಳನ್ನೂ ಗಾರೆಯಲ್ಲಿ ಬಿಗೀಬೇಡಿ, ಅದೇ ಕಾರಣ.

ಗೂಡಿನ ಆಕಾರದ ಬಗ್ಗೆ ಒಂದು ಮಾತು. ಹಳೇ ಫೈರ್‌ಪ್ಲೇಸ್‌ಗಳಲ್ಲಿ ಪಕ್ಕದ ಗೋಡೆ ಓರೆಯಾಗಿ, ಗೂಡು ಆಳ ಇಲ್ಲದೆ ಇರೋದನ್ನ ನೋಡಿರ್ತೀರಿ. ಅದು 1790ರ ದಶಕದಲ್ಲಿ ವಿಜ್ಞಾನಿ ಕೌಂಟ್ ರಮ್‌ಫರ್ಡ್ ಲೆಕ್ಕ ಹಾಕಿ ತೋರಿಸಿದ ಆಕಾರ, ಬಿಸಿ ಕೋಣೆ ಕಡೆ ತಿರುಗುತ್ತೆ, ಗೂಡಿನಿಂದ ಚಿಮ್ನಿಗೆ ಏರೋ ಗಂಟಲು ಕಿರಿದಾಗಿರೋದರಿಂದ ಹೊಗೆ ಬೇಗ ಮೇಲೇರುತ್ತೆ. ಚೌಕ ಪೆಟ್ಟಿಗೆ ಥರ ಕಟ್ಟಬೇಡಿ ಅಂತ ಮೇಸ್ತ್ರಿಗೆ ಹೇಳಿ. ಗಂಟಲಲ್ಲಿ ಎರಕದ ಕಬ್ಬಿಣದ ಡ್ಯಾಂಪರ್, ಅಂದ್ರೆ ತೆರೆದು ಮುಚ್ಚೋ ಮುಚ್ಚಳ ಇರಲಿ, ಉರಿಸದ ದಿನ ಮುಚ್ಚೋಕೆ.

ಹೊರಗಿನ ಫಿನಿಶಿಂಗ್‌ಗೆ ಗ್ರಾನೈಟ್ ಧಾರಾಳ ಹಾಕಿ. ಎಪಾಕ್ಸಿ ಅಂಟಲ್ಲಿ ಮಾತ್ರ ಬೇಡ, ಬಾಯಿ ಹತ್ರದ ಬಿಸಿಗೆ ಅದು ಮೆತ್ತಗಾಗಿ ಕಲ್ಲು ಕಳಚ್ಕೊಳ್ಳುತ್ತೆ, ಗಾರೆಯಲ್ಲೇ ಕೂರಿಸಿ ದೊಡ್ಡ ಹಲಗೆಗೆ ಸ್ಟೀಲ್ ಕ್ಲಾಂಪ್ ಕೊಡ್ಸಿ. ಪುಟ್ಟಿ ಮತ್ತೆ ಪ್ಲಾಸ್ಟಿಕ್ ಎಮಲ್ಷನ್ ಬಾಯಿ ಸುತ್ತ ಹಳದಿಯಾಗಿ ಸಿಪ್ಪೆ ಏಳುತ್ತೆ, ಸುಣ್ಣದ ಗಾರೆ ಬೆಟರ್. ಮೇಲೆ ಮರದ ಹಲಗೆ ಬೇಕು ಅಂದ್ರೆ ಬಾಯಿಯ ಅಂಚಿನಿಂದ 12 ಇಂಚು ಮೇಲೆ ಇಡಿ, 6 ಇಂಚಿನೊಳಗೆ ಯಾವ ಮರವೂ ಬರಬಾರದು. ಮುಂದೆ ನೆಲದಲ್ಲಿ ಕಿಡಿ ಬೀಳೋ ಜಾಗಕ್ಕೆ ಕಲ್ಲು, ನಾನು ಹೇಳಿದ ಚಿಕ್ಕ ಬಾಯಿಗೆ ಮುಂದಕ್ಕೆ 16 ಇಂಚು ಪಕ್ಕಕ್ಕೆ 8 ಇಂಚು, ನಿಮ್ಮ ದೊಡ್ಡ ಬಾಯೇ ಇಟ್ಕೊಂಡ್ರೆ 20 ಮತ್ತು 12. ಟಿವಿ ಬೇರೆ ಗೋಡೆಗೆ.

ಈಗ ಅಮ್ಮನ ವಿಷಯ, ನನಗೆ ಇದೇ ದೊಡ್ಡದು ಅನ್ಸುತ್ತೆ. ತೆರೆದ ಫೈರ್‌ಪ್ಲೇಸ್ ಎಷ್ಟೇ ಚೆನ್ನಾಗಿ ಕಟ್ಟಿದ್ರೂ ಹೊತ್ತಿಸುವಾಗ, ಸೌದೆ ಸರಿಸುವಾಗ ಸ್ವಲ್ಪ ಹೊಗೆ ಹೊರಗೆ ಬಂದೇ ಬರುತ್ತೆ, ಉಬ್ಬಸ ಇರೋರಿಗೆ ಅಷ್ಟೇ ಸಾಕು. ಮೇಲಾಗಿ ಅದರ ಬಿಸಿಯಲ್ಲಿ ಹತ್ತರಲ್ಲಿ ಒಂದು ಪಾಲು ಕೋಣೆಗೆ ಸಿಕ್ಕಿದ್ರೆ ಹೆಚ್ಚು, ಉಳಿದಿದ್ದು ಮೇಲೆ ಹೋಗುತ್ತೆ, ಜೊತೆಗೆ ಕೋಣೆಯ ಬೆಚ್ಚಗಿನ ಗಾಳಿಯನ್ನೂ ಎಳ್ಕೊಂಡು ಹೋಗುತ್ತೆ, ಮುಖ ಸುಡುತ್ತೆ ಬೆನ್ನು ತಣ್ಣಗೆ ಅನ್ನೋದು ಅದಕ್ಕೇ. ಗಾಜಿನ ಬಾಗಿಲಿನ ಮುಚ್ಚಿದ ಸ್ಟವ್ ಬರುತ್ತೆ, ಎರಕದ ಕಬ್ಬಿಣದ್ದು ಅಥವಾ ಸ್ಟೀಲ್‌ದು, ಅದರಲ್ಲಿ ಶೇಕಡ 60ರಿಂದ 80ರಷ್ಟು ಬಿಸಿ ಒಳಗೇ ಸಿಗುತ್ತೆ, ಸೌದೆ ಕಮ್ಮಿ, ಕಿಡಿ ಹಾರಲ್ಲ, ಹೊಗೆ ಒಳಗೆ ಬರೋದು ಬಾಗಿಲು ತೆಗೆದಾಗ ಮಾತ್ರ. ಇಂಥ ಎಷ್ಟೋ ಸ್ಟವ್‌ಗಳಿಗೆ 6 ಇಂಚಿನ ಪೈಪೇ ಸರಿಯಾದ ಅಳತೆ, ನಿಮ್ಮ ಮೇಸ್ತ್ರಿ ಹೇಳಿದ 6 ಇಂಚು ಇಲ್ಲಿ ಸರಿ ಹೋಗುತ್ತೆ, ಸ್ಟೇನ್‌ಲೆಸ್‌ದು, ಮಾಡಿನಿಂದ ಮೇಲಕ್ಕೆ. ರೇಟ್ ಜಾಸ್ತಿ, ನಮ್ಮ ಕಡೆ ಸಿಗೋದೂ ಕಷ್ಟ, ತರಿಸಬೇಕು. ಆದ್ರೂ ನಿಮ್ಮ ಮನೆಗೆ ನಾನು ಹೇಳೋದು ಇದನ್ನೇ. ಬೆಂಕಿಯ ಸದ್ದು, ವಾಸನೆ, ತೆರೆದ ಕೆಂಡ ನೋಡೋ ಸುಖ ಇದರಲ್ಲಿ ಅರ್ಧ ಕಮ್ಮಿ, ಸುಳ್ಳು ಹೇಳಲ್ಲ. ಅದೇ ಬೇಕು ಅನ್ನೋದಾದ್ರೆ ಹಾಲ್‌ನಲ್ಲಿ ಸ್ಟವ್ ಇಟ್ಟು ಹಿತ್ತಲಲ್ಲಿ ಅಗ್ಗಿಷ್ಟಿಕೆ ಹಾಕ್ಕೊಳ್ಳಿ. ಅಮ್ಮನ ಡಾಕ್ಟರನ್ನೂ ಒಂದು ಮಾತು ಕೇಳಿ, ಅವರು ಸೌದೆ ಹೊಗೆನೇ ಬೇಡ ಅಂದ್ರೆ ಕರೆಂಟ್ ಹೀಟರ್ ಬಿಟ್ಟು ಬೇರೆ ದಾರಿ ಇಲ್ಲ. ಚಿಮ್ನಿನೇ ಬೇಡ ಅಂತ ಮಾರೋ ಬಯೋ ಎಥನಾಲ್ ಒಲೆಗಳಿಗೆ ಮರುಳಾಗಬೇಡಿ, ಉರಿದಿದ್ದೆಲ್ಲಾ ಕೋಣೆಯೊಳಗೇ ಇರುತ್ತೆ, ಬಿಸಿ ಇರುವಾಗ ಇಂಧನ ಸುರಿಯೋಕೆ ಹೋಗಿ ಮೈ ಸುಟ್ಕೊಳ್ಳೋ ಅಪಾಯ ಬೇರೆ.

ಕಿಟಕಿ ತೆಗೆದಿಟ್ರೆ ಸಾಕಾ ಅನ್ನೋದಕ್ಕೆ ಉತ್ತರ, ಸಾಕಾಗಲ್ಲ. ಕಣ್ಣಿಗೆ ಕಾಣೋ ಹೊಗೆಗಿಂತ ಕೆಟ್ಟದ್ದು ಕಾರ್ಬನ್ ಮಾನಾಕ್ಸೈಡ್, ಬಣ್ಣ ಇಲ್ಲ ವಾಸನೆ ಇಲ್ಲ. ಜ್ವಾಲೆ ಆರಿ ಬರೀ ಕೆಂಡ ಇರುವಾಗಲೇ ಅದು ಜಾಸ್ತಿ, ಜನ ಆಗಲೇ ಬಿಸಿ ಹೋಗುತ್ತೆ ಅಂತ ಡ್ಯಾಂಪರ್ ಮುಚ್ಚಿ ಮಲಗ್ತಾರೆ. ಬೂದಿ ಪೂರ್ತಿ ತಣ್ಣಗಾಗೋವರೆಗೆ ಡ್ಯಾಂಪರ್ ಮುಚ್ಚಬಾರದು. ತಲೆನೋವು, ವಾಕರಿಕೆ, ಮಂಪರು ಮನೆಯವರಿಗೆಲ್ಲಾ ಒಟ್ಟಿಗೆ ಬಂತು ಅಂದ್ರೆ ಥಂಡಿ ಅಂದ್ಕೊಳ್ಳದೆ ಎಲ್ರೂ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಆನ್‌ಲೈನಲ್ಲಿ ಕಾರ್ಬನ್ ಮಾನಾಕ್ಸೈಡ್ ಪತ್ತೆ ಹಚ್ಚೋ ಸಿಒ ಅಲಾರಂ ಸಿಗುತ್ತೆ, ಹಾಲ್‌ಗೊಂದು, ಮಲಗೋ ಕೋಣೆ ಹತ್ರ ಒಂದು. ಗಾಳಿಗೆ ಕಿಟಕಿ ನಂಬ್ಕೊಳ್ಳೋ ಬದಲು ಬೆಂಕಿಗೂಡಿನ ಬುಡಕ್ಕೇ ಹೊರಗಿಂದ 4 ಇಂಚಿನ ದಾರಿ ಕೊಡಿ, ಜಾಲರಿ ಮುಚ್ಚಳ ಸಮೇತ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಜೋರಾಗಿ ಓಡ್ತಿದ್ರೆ ಅದು ಚಿಮ್ನಿಯಿಂದ ಕೆಳಕ್ಕೆ ಹೊಗೆ ಎಳೆಯುತ್ತೆ, ಎಷ್ಟೋ ಮನೇಲಿ ಹೊಗೆ ಯಾಕೆ ಬರ್ತಿದೆ ಅಂತ ತಲೆ ಕೆಡಿಸ್ಕೊಂಡಿದ್ದಕ್ಕೆ ಕಾರಣ ಅದೇ ಆಗಿತ್ತು.

ಸೌದೆ ವಿಷಯದಲ್ಲಿ ನೀವು ಅದೃಷ್ಟವಂತರು, ತೋಟ ಇದ್ರೆ ಕಿತ್ತ ಹಳೇ ಕಾಫಿ ಬೊಡ್ಡೆಗಳು ಸಿಗುತ್ತೆ, ಗಟ್ಟಿ ಮರ, ನಿಧಾನಕ್ಕೆ ಉರಿಯುತ್ತೆ. ಸಿಲ್ವರ್ ಓಕ್ ಬೇಗ ಹತ್ತಿ ಬೇಗ ಮುಗಿಯುತ್ತೆ, ಹೊತ್ತಿಸೋಕೆ ಸರಿ. ಏನೇ ಆದ್ರೂ ಒಣಗಿರಬೇಕು, ತೇವ ಶೇಕಡ 20ಕ್ಕಿಂತ ಕೆಳಗೆ. ಸೀಳಿ, ಮೇಲೆ ಮಾತ್ರ ಮುಚ್ಚಿ ಪಕ್ಕ ಗಾಳಿಯಾಡೋ ಹಾಗೆ ಪೇರಿಸಿಟ್ರೆ ಒಂದು ಬೇಸಿಗೆ ಪೂರ್ತಿ ಬೇಕು, ಕಾಫಿ ಬೊಡ್ಡೆಗೆ ಅದಕ್ಕಿಂತ ಜಾಸ್ತಿ. ಎರಡು ತುಂಡು ಒಂದಕ್ಕೊಂದು ಬಡಿದ್ರೆ ಠಣ್ ಅನ್ಬೇಕು, ದಬ್ ಅಂದ್ರೆ ಹಸಿ. ಹಸಿ ಸೌದೆಯ ಹೊಗೆ ತಣ್ಣಗಿರುತ್ತೆ, ಚಿಮ್ನಿ ಒಳಮೈಗೆ ಡಾಂಬರಿನಂಥ ಜಿಡ್ಡಾಗಿ ಹಿಡಿಯುತ್ತೆ, ಅದಕ್ಕೆ ಒಂದು ದಿನ ಕಿಡಿ ತಾಗಿದ್ರೆ ಚಿಮ್ನಿಯೊಳಗೇ ಸಾವಿರ ಡಿಗ್ರಿ ದಾಟೋ ಬೆಂಕಿ. ಉಪ್ಪು ಹಾಕಿದ್ರೆ ಚಿಮ್ನಿ ಕ್ಲೀನ್ ಆಗುತ್ತೆ ಅನ್ನೋದನ್ನ ನಂಬಬೇಡಿ, ಬ್ರಷ್ ಹಾಕಿ ಕೆರೀಲೇಬೇಕು, ವರ್ಷಕ್ಕೊಂದು ಸಲ, ಮಳೆಗಾಲ ಮುಗಿದ ಮೇಲೆ. ಮಸಿ 3 ಮಿಲಿಮೀಟರ್ ದಪ್ಪ ಕಂಡ್ರೆ ವರ್ಷ ಕಾಯದೆ ಕೆರೆಸಿ. ಪ್ಲೈವುಡ್, ಪೇಂಟ್ ಹೊಡೆದ ಮರ ಹಾಕಬೇಡಿ, ಮೈಗೆ ತಾಗಿದ್ರೆ ಬೊಬ್ಬೆ ಏಳಿಸೋ ಚೇರು ಮರವನ್ನೂ ಹಾಕಬೇಡಿ.

ಅಕಸ್ಮಾತ್ ಚಿಮ್ನಿಯೊಳಗೆ ಬೆಂಕಿ ಹತ್ತಿತು, ಭೋರ್ ಅಂತ ಸದ್ದು ಬಂತು ಅಂದ್ರೆ ಗಾಳಿ ದಾರಿ, ಸ್ಟವ್ ಬಾಗಿಲು ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, 101ಕ್ಕೋ 112ಕ್ಕೋ ಫೋನ್ ಮಾಡಿ. ಕೆಂಪಗೆ ಕಾದ ಗೂಡಿಗೆ ನೀರು ಎರಚಬೇಡಿ, ಸೀಳುತ್ತೆ. ಪೌಡರ್ ಎಕ್ಸ್‌ಟಿಂಗ್ವಿಷರ್ ಒಂದು, ಮರಳಿನ ಬಕೆಟ್ ಒಂದು ಹಾಲ್‌ನಲ್ಲಿ ಇರಲಿ. ಬೂದಿ ತೆಗೆಯೋಕೆ ಮುಚ್ಚಳ ಇರೋ ತಗಡಿನ ಡಬ್ಬ, ಪ್ಲಾಸ್ಟಿಕ್ ಬುಟ್ಟಿ ಬೇಡ, ಬೂದಿಯೊಳಗಿನ ಕೆಂಡ ಎರಡು ಮೂರು ದಿನ ಆದ್ರೂ ಜೀವ ಇಟ್ಕೊಂಡಿರುತ್ತೆ.

ಕಟ್ಟಿದ ತಕ್ಷಣ ಗೃಹಪ್ರವೇಶಕ್ಕೆ ಅಂತ ಜೋರು ಬೆಂಕಿ ಹಾಕೋರು ತುಂಬಾ ಜನ. ಇಟ್ಟಿಗೆ ಕೆಲಸ ಮುಗಿದು 28 ದಿನ ಬಿಡಿ, ಆಮೇಲೂ ಮೊದಲ ಕೆಲವು ಸಲ ನಾಲ್ಕು ಕಡ್ಡಿ ಹಾಕಿ ಸಣ್ಣಗೆ ಉರಿಸಿ, ಒಳಗಿನ ನೀರು ನಿಧಾನಕ್ಕೆ ಆರಲಿ. ಥಂಡಿ ದಿನ ಚಿಮ್ನಿಯೊಳಗೆ ತಣ್ಣನೆ ಗಾಳಿ ಕೆಳಕ್ಕೆ ಕೂತಿರುತ್ತೆ, ಸೌದೆ ಹೊತ್ತಿಸೋಕೆ ಮುಂಚೆ ಒಂದು ಹಾಳೆ ಪೇಪರ್ ಸುರುಳಿ ಮಾಡಿ ಹಚ್ಚಿ ಗಂಟಲಿನ ಹತ್ರ ಹಿಡೀರಿ, ಹೊಗೆ ಮೇಲೆ ಎಳ್ಕೊಂಡ್ರೆ ಮಾತ್ರ ಸೌದೆಗೆ ಬೆಂಕಿ ಕೊಡಿ.

ಗೋಡೆ ಎದ್ದಾಗಿದೆ ಅಂದ್ರಿ, ಅದಕ್ಕೇ ಒಂದು ಎಚ್ಚರಿಕೆ. ಒಂದು ಘನ ಅಡಿ ಇಟ್ಟಿಗೆ ಕೆಲಸ ಸುಮಾರು 55 ಕೆಜಿ, ಗೂಡು ಚಿಮ್ನಿ ಸೇರಿ ಸುಲಭವಾಗಿ ಮೂರು ನಾಲ್ಕು ಟನ್ ಆಗುತ್ತೆ, ಅದನ್ನ ಹಾಲ್‌ನ ನೆಲದ ಕಾಂಕ್ರೀಟ್ ಮೇಲೆ ಎಬ್ಬಿಸೋ ಹಾಗಿಲ್ಲ, ಗಟ್ಟಿ ನೆಲ ಸಿಗೋವರೆಗೆ ಅಗೆದು ಬೇರೆ ಪಾಯ ಹಾಕಬೇಕು. ಸ್ಟವ್ ಆದ್ರೆ ಈ ರಗಳೆ ಇಲ್ಲ, ಅಡಿಗೆ ಕಲ್ಲು, ಹಿಂದೆ ಇಟ್ಟಿಗೆ ಗೋಡೆ ಸಾಕು. ಎರಡರಲ್ಲಿ ಯಾವುದು ಅಂತ ಪಕ್ಕಾಸು ಏರಿಸೋಕೆ ಮುಂಚೆ ತೀರ್ಮಾನ ಮಾಡಿ, ಪೈಪ್ ಅಥವಾ ಚಿಮ್ನಿ ನೆತ್ತಿ ಹತ್ರ ಎಲ್ಲಿ ಹೊರಗೆ ಬರುತ್ತೋ ಅಲ್ಲಿಂದ ತೂಕದ ಗುಂಡು ಇಳಿಬಿಟ್ಟು ಹಾಲ್‌ನ ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕ್ಸಿ, ಬಡಗಿ ಮತ್ತೆ ಮೇಸ್ತ್ರಿ ಇಬ್ರನ್ನೂ ಒಟ್ಟಿಗೆ ನಿಲ್ಲಿಸ್ಕೊಂಡು. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಿದ್ರೆ ಪಕ್ಕಾಸು ಸರಿಯಾಗಿ ಚಿಮ್ನಿ ಮಧ್ಯಕ್ಕೇ ಬಂದು ಕೂತಿರುತ್ತೆ.